ಗಳಿಗೆ ಮುರಿಯದ ಉಳಿಗಳು

ಬೈಲಹೊಂಗಲದ ಪೇಟೆಯಲ್ಲಿ ಬಸಲಿಂಗಪ್ಪನ ಅರಿವೆ ಅಂಗಡಿಗೆ ಕಾಲಿಟ್ಟವರು ಬರಿಗೈಯಲ್ಲಿ ಹೊರಗೆ ಬಂದದ್ದು ಕಡಿಮೆ. ಒಂದು ಸೀರೆ ಕೇಳಿದರೆ ನಲವತ್ತು ಸೀರೆ ಗಾದಿಯ ಮೇಲೆ ಹರಡುತ್ತಿದ್ದ. ಹಸಿರು ಬೇಕೆಂದವರಿಗೆ ಗಿಳಿಹಸಿರು, ಪಾಚಿಹಸಿರು, ಎಲೆಹಸಿರು ಎಲ್ಲ ತೋರಿಸಿ, ಕಡೆಗೆ ಹಸಿರೇ ಅಲ್ಲದ ಒಂದನ್ನು ಎತ್ತಿ ಹಿಡಿದು, "ಬಿಸಲಾಗ ನೋಡ್ರಿ, ಹಸರ ಕಾಣತೈತಿ" ಎನ್ನುತ್ತಿದ್ದ. ಮೂವತ್ತು ವರ್ಷ ಹೀಗೆ ಜನ ಆರಿಸುವುದನ್ನು ನೋಡುತ್ತ ಕುಳಿತವನ ಪ್ರಕಾರ ಜಗತ್ತಿನಲ್ಲಿ ಇರುವುದು ಎರಡೇ ಜಾತಿ: ಬೇಗ ಆರಿಸುವವರು ಮತ್ತು ತಲೆನೋವು.

ಅವನ ತಲೆಯ ಹಿಂದೆ ಒಂದು ಬೋರ್ಡು ತೂಗುತ್ತಿತ್ತು: 'ಗಳಿಗೆ ಮುರಿದ ಮಾಲು ವಾಪಸು ತೆಗೆದುಕೊಳ್ಳುವುದಿಲ್ಲ'. ಗಳಿಗೆ ಎಂದರೆ ಹೊಸ ಸೀರೆಯ ಮಡಿಕೆ. ಮೊದಲ ಸಲ ಬಿಚ್ಚಿ ಉಟ್ಟರೆ ಗಳಿಗೆ ಮುರಿದಂತೆ. ಆ ಸೀಮೆಯ ಹೆಂಗಸರು ಒಳ್ಳೆಯ ಸೀರೆಯ ಗಳಿಗೆಯನ್ನು ಸುಮ್ಮಸುಮ್ಮನೆ ಮುರಿಯುವುದಿಲ್ಲ. ಮದುವೆಗೋ ಹಬ್ಬಕ್ಕೋ ಎಂದು ಟ್ರಂಕಿನಲ್ಲಿ ಇಟ್ಟು ಕಾಯುತ್ತಾರೆ. ಬಸಲಿಂಗಪ್ಪನ ಅಂಗಡಿ ನಿಂತದ್ದು ಈ ನಂಬಿಕೆಯ ಮೇಲೆ. ಮುಂದೆ ಅವನು ಎಡವಿ ಬಿದ್ದದ್ದೂ ಇದರ ಮೇಲೆಯೇ.

ಸಾವಿರದ ಒಂಬೈನೂರ ತೊಂಬತ್ತೇಳರ ಶ್ರಾವಣ. ರಾಮದುರ್ಗಕ್ಕೆ ಕೊಟ್ಟ ಮಗಳು ಉಮಾಶ್ರೀಗೆ ಐದು ತಿಂಗಳು. ಬಸುರಿಗೆ ಹಸಿರು ಕುಬುಸ ತೊಡಿಸುವ ಕಾರ್ಯಕ್ಕೆ ಬಸಲಿಂಗಪ್ಪ, ಅವನ ಹೆಂಡತಿ ಸಿದ್ದಲಿಂಗವ್ವ ಬುತ್ತಿ ಕಟ್ಟಿಕೊಂಡು ಹೋಗಿದ್ದರು. ಹೋಳಿಗೆಯ ಊಟ ಮುಗಿದು ಎಲಡಿಕೆಯ ತಟ್ಟೆ ಪಡಸಾಲೆಗೆ ಬಂದಾಗ ಬೀಗ ಈರಸಂಗಪ್ಪ, ರಾಮದುರ್ಗದ ಕಾಳಿನ ವ್ಯಾಪಾರಿ, ಸುಣ್ಣ ಹಚ್ಚುತ್ತ ಮಾತು ತೆಗೆದ.

"ನಮ್ಮ ದೊಡ್ಡ ಸೊಸಿ ತವರಮನ್ಯಾವರು ಕಲಘಟಗಿ ತೊಟ್ಟಲಾ ತಂದಿದ್ರರಿ. ನೀವೂ ಒಂದ ತರತೀರೆಲ್ಲಾ?"

"ತರತೇವ್ರಿ. ಅದಕ್ಕೇನ?"

"ಹೌದ ಬಿಡ್ರಿ, ತರೂದು ನಿಮಗ ಗೊತ್ತಿದ್ದ ಕೆಲಸ. ಎಲ್ಲೋ ಯಾಂವೋ ನೇಯ್ತಾನ, ಇಲ್ಲೆ ಸಿಂಪಿಗ್ಯಾ ಹೊಲೀತಾನ, ನಡುವ ನೀವು ಮೊಳಾ ಹಾಕಿ ಟರ್ರಂತ ಹರೀತೀರಿ. ಹರಿಯೂದ ಬಿಟ್ಟು ನಿಮ್ಮ ಕೈಲೆ ಏನರ ಒಂದ ಮಾಡಿದ್ದ ಐತೇನ್ರಿ ಬೀಗರ?"

ಪಡಸಾಲೆ ನಕ್ಕಿತು. ಅಳಿಯ ಕೂಡ ಟವೆಲ್ಲಿನ ಮರೆಯಲ್ಲಿ ನಕ್ಕ. ವ್ಯಾಪಾರಸ್ಥ ಬಸಲಿಂಗಪ್ಪನೂ ನಕ್ಕ. ಆದರೆ ನಗುತ್ತಲೇ ತನ್ನ ಕೈಗಳನ್ನು ನೋಡಿಕೊಂಡ. ಐವತ್ತೈದು ವರ್ಷದ ಕೈ, ಹಸುಗೂಸಿನ ಕೆನ್ನೆಯಂತೆ ಮೆತ್ತಗಿತ್ತು. ಮಾಡಿದ್ದು ಏನೂ ಇಲ್ಲ. ನಿಜಕ್ಕೂ ಇಲ್ಲ. ಆ ಕ್ಷಣದಲ್ಲಿ ಬಾಯಿ ತಾನಾಗಿಯೇ ತೆರೆಯಿತು.

"ಕೇಳ್ರಿ ಬೀಗರ. ಕೂಸಿನ ತೊಟ್ಟಲದ ಹನ್ನೆರಡೂ ಕೋಲು ನಾನ ನನ್ನ ಕೈಲೆ ಕಡದು ಹಚ್ಚತೇನಿ. ಅದರಾಗ ಒಂದ ಕೋಲು ಮಂದಿ ಕೈದು ಇತ್ತಂದ್ರ ಮತ್ತ ಈ ಮನಿ ಹೊಸ್ತಲಾ ತುಳಿಯೂದಿಲ್ಲ."

ಕಟ್ಟಿಗೆಯನ್ನು ಯಂತ್ರಕ್ಕೆ ಸಿಕ್ಕಿಸಿ ಗರಗರ ತಿರುಗಿಸಿ, ಉಳಿ ಹಿಡಿದು ದುಂಡಗೆ ಮಾಡುವುದಕ್ಕೆ ಕಡೆಯುವುದು ಎನ್ನುತ್ತಾರೆ. ಬಸಲಿಂಗಪ್ಪನಿಗೆ ಅಲ್ಲಿಯವರೆಗೆ ಗೊತ್ತಿದ್ದದ್ದು ಮಜ್ಜಿಗೆ ಕಡೆಯುವುದು ಮಾತ್ರ. ಅದೂ ಕುಡಿಯುವ ಕಡೆಯಿಂದ.

ತಿರುಗಿ ಬರುವ ಬಸ್ಸು ಸವದತ್ತಿ ದಾಟಿತು. ಮುನವಳ್ಳಿಯಲ್ಲಿ ನಿಂತಾಗ ಸಿದ್ದಲಿಂಗವ್ವ ಶುರು ಮಾಡಿದಳು.

"ಒಂದ ಮಾವಿನಹಣ್ಣ ಹೆಚ್ಚಾಕ ಹೋಗಿ ಬಟ್ಟ ಹೆಚಗೊಂಡಾವ್ರು ನೀವು."

"ಹೆಚ್ಚ ಮಾತಾಡಬ್ಯಾಡ."

"ಮಾತ ಹೆಚ್ಚಾಗಿದ್ದು ಯಾರದ್ರಿ, ನನ್ನದೇನು? ಇನ್ನೊಂದ ಹೇಳತೇನಿ ಕೇಳ್ರಿ. ಕೂಸ ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಯೂದಿಲ್ಲ. ಕೂಸು ಭೂಮಿಗಿ ಬೀಳೂತನಾ ತೊಟ್ಟಲದ ಕಟಗಿಗೆ ನೀವು ಉಳಿ ಹಚ್ಚಿದ್ರ ನಾ ಸುಮ್ಮ ಇರಾಕಿ ಅಲ್ಲ."

ಬಸಲಿಂಗಪ್ಪ ಬೆರಳು ಮಡಿಸಿದ. ಹುಟ್ಟಿದ ಹದಿಮೂರನೆಯ ದಿನ ಕೂಸನ್ನು ತೊಟ್ಟಿಲಿಗೆ ಹಾಕುವುದು. ಅಂದರೆ ಕೆಲಸಕ್ಕೆ ಸಿಗುವುದು ಹನ್ನೆರಡೇ ದಿನ. ಬೇರೆ ಯಾರಾದರೂ ಆಗಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು. ಇವನಿಗೆ ಒಳಗೊಳಗೇ ಹಿಗ್ಗು. ನಾಲ್ಕು ತಿಂಗಳು ಕಟ್ಟಿಗೆ ಮುಟ್ಟುವ ಹಾಗಿಲ್ಲ ಎಂದರೆ ನಾಲ್ಕು ತಿಂಗಳು ಉಳಿ ಆರಿಸಬಹುದು! ಕಡೆಯುವುದು ಕಡೆಗಾಯಿತು.

ಬೈಲಹೊಂಗಲದಲ್ಲಿ ಮಂಚದ ಕಾಲು, ತೊಟ್ಟಿಲು, ಬುಗುರಿ ಕಡೆಯುವವನು ಬಡಿಗೇರ ಮುತ್ತಪ್ಪ. ಅವನ ತಗಡಿನ ಶೆಡ್ಡಿನಲ್ಲಿ ಒಂದು ಮೋಟರು, ಒಂದು ಪಟ್ಟಾ, ಕಟ್ಟಿಗೆ ತಿರುಗಿಸುವ ಒಂದು ಯಂತ್ರ. ಮಾತು ಕಡಿಮೆ ಮನುಷ್ಯ. ಸಾಹುಕಾರರ ಶಪಥ ಕೇಳಿ ಬಗ್ಗಿ ನೆಲದ ಕಟ್ಟಿಗೆಯ ಪುಡಿ ಬಳಿದ. ನಕ್ಕನೋ ಹೇಗೆ ಎಂಬುದು ಗೊತ್ತಾಗಲಿಲ್ಲ.

"ತೊಟ್ಟಲದ ಚೌಕಟ್ಟ ನಾ ಮಾಡತೇನ್ರಿ. ಬಣ್ಣಾನೂ ನನಗಿರ್ಲಿ. ಕೋಲು ನೀವ ಕಡೀರಿ, ನನ್ನ ಮಶಿನ್ ಐತಿ."

"ಉಳಿ ಎಷ್ಟ ನಮೂನಿ ಬೇಕು?"

"ಕಲಿಯಾಂವಗ ಮೂರ ಸಾಕ್ರಿ ಸಾವಕಾರ್ರ. ಮೂಲಿ ತಗದು ದುಂಡ ಮಾಡಾಕ ದೋಣಿಗತೆ ಬಾಗಿದ್ದೊಂದು. ಮೈ ನುಣ್ಣಗ ಮಾಡಾಕ ಓರಿಬಾಯಿದೊಂದು. ಕಡೀಕ ಕತ್ತರಸಾಕ ತೆಳ್ಳಂದೊಂದು. ಮೊದಲಿಗಿ ದೋಣಿದೊಂದ ತಗೊಂಡ್ರೂ ನಡೀತೈತಿ. ಅದು ಕೈಗಿ ಕುಂತ ಮ್ಯಾಲೆ ಉಳದದ್ದು."

"ಮೂರ?" ಮದುವೆ ಜವಳಿಗೆ ಬಂದ ಕುಟುಂಬ ಎರಡು ಕರವಸ್ತ್ರ ಕೇಳಿದಾಗ ಆಗುವ ಮುಖ ಆಯಿತು ಬಸಲಿಂಗಪ್ಪನದು.

"ಕಿತ್ತೂರಾಗ ಹೈವೇ ಬಾಜೂಕ ಮಾಯವ್ವನ ಕುಲಮಿ ಐತಿ. ಲಾರಿ ಮುರದ ಪಾಟಾದಾಗ ಉಳಿ ಬಡೀತಾಳ. ಕಣ್ಣ ಮುಚಗೊಂಡ ತರ್ರಿ. ತಂದು, ಬೇವಿನ ತುಂಡಿನ ಮ್ಯಾಲೆ ನಾಕ ಲಟ್ಟಣಿಗಿ ಕಡದ ಕೈ ಪಳಗಸ್ರಿ. ಲಟ್ಟಣಿಗಿಗೇನ ಕೂಸ ಹುಟ್ಟಬೇಕಂತಿಲ್ಲ."

ಮರುದಿನ ಮೊದಲ ಬಸ್ಸಿಗೇ ಬಸಲಿಂಗಪ್ಪ ಕಿತ್ತೂರಿಗೆ ಹೋದ. ಪುಣೆಯಿಂದ ಬೆಂಗಳೂರಿಗೆ ಓಡುವ ಲಾರಿಗಳು ಹೊಂಡ ಹಾರಿ ಮುರಿದುಕೊಂಡ ಸ್ಪ್ರಿಂಗ್ ಪಾಟಾಗಳು ಮಾಯವ್ವನ ಕುಲುಮೆಯ ಮುಂದೆ ಗುಡ್ಡೆ ಬಿದ್ದಿದ್ದವು. ಅವಳ ಗಂಡ ತಿದಿ ಊದುತ್ತಿದ್ದ, ಅವಳು ಸುತ್ತಿಗೆ ಹಿಡಿದಿದ್ದಳು. ಆ ಮನೆಯಲ್ಲಿ ಬಡಿಯುವ ಹಕ್ಕು ಅವಳದೇ ಎಂಬುದು ನೋಡಿದರೆ ತಿಳಿಯುತ್ತಿತ್ತು. ಕೇಳಿದ್ದೇ ತಡ, ದೋಣಿಬಾಯಿಯ ಮೂರು ಉಳಿ ತಂದು ಅವನ ಮುಂದೆ ನೆಲಕ್ಕಿಟ್ಟಳು. ಕಪ್ಪು ಕಬ್ಬಿಣ, ಮೊಳದುದ್ದ ಜಾಲಿಯ ಹಿಡಿಕೆ.

ಬಸಲಿಂಗಪ್ಪ ಒಂದನ್ನು ಎತ್ತಿಕೊಂಡ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಅರಿವೆಯ ನೇಯ್ಗೆ, ಪೋತ ನೋಡುವವನಂತೆ ತಿಕ್ಕಿದ. ಹೊರಗೆ ಹೋಗಿ ಬಿಸಿಲಿಗೆ ಹಿಡಿದ.

"ಇದರಾಗ ಬ್ಯಾರೆ ತೋರಸವಾ."

"ಎಂಥಾದ್ರಿ?"

"ಇಷ್ಟ ಕರೇದ ಬ್ಯಾಡ. ಸ್ವಲ್ಪ ತಿಳೀದು..."

ಮಾಯವ್ವ ಗಂಡನ ಕಡೆ ತಿರುಗಿದಳು. "ಕೇಳಿದೇನ? ಗಿಣಿಹಸರ ಉಳಿ ಐತೇನ ನಮ್ಮಲ್ಲೆ?" ಆಮೇಲೆ ಸುತ್ತಿಗೆ ಕೆಳಗಿಟ್ಟಳು. "ಸಾವಕಾರ್ರ, ನಿಮ್ಮ ಗುರ್ತ ಹತ್ತಿತು ನನಗ. ಮಗಳ ಮದವಿಗಿ ನಿಮ್ಮಲ್ಲೆ ಸೀರಿ ತಗೊಂಡೇನಿ. ನಲವತ್ತ ಹಾಸಿ ಮುಂಜಾನಿಂದ ಸಂಜೀತನಾ ತಲಿ ಕೆಡಿಸಿದ್ರಿ. ನನ್ನಲ್ಲೆ ಇರೂದ ಮೂರು. ಇದು ಚೊಲೋ, ಇದೂ ಚೊಲೋ, ಇದೂ ಚೊಲೋ. ಆರಸ್ರೀಗ."

ಬಸಲಿಂಗಪ್ಪ ಎದ್ದು ಧೋತರ ಝಾಡಿಸಿದ. "ವಿಚಾರ ಮಾಡಿ ಹೇಳತೇನಿ."

"ಬೋಣಗಿ ಆಗಿಲ್ರಿ ಇನ್ನೂ," ಎಂದಳು ಮಾಯವ್ವ ಮೆಲ್ಲಗೆ.

ಸಿಕ್ಕಿಬಿದ್ದ. ದಿನದ ಮೊದಲ ಗಿರಾಕಿ ಬರಿಗೈಯಲ್ಲಿ ಎದ್ದು ಹೋದರೆ ಅಂಗಡಿಯವನ ಬಾಯಿಂದ ಎಂಥ ಬೈಗುಳ ಬರುತ್ತದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೋಣಿಗೆಯ ಮರ್ಯಾದೆಗೆ ರೊಕ್ಕ ಕೊಟ್ಟು ಒಂದು ಉಳಿ ತೆಗೆದುಕೊಂಡ. ಅವಳು ಅದನ್ನು ಕಲ್ಲಿನ ಮೇಲೆ ನಾಲ್ಕು ಸಲ ಉಜ್ಜಿ, ಉಗುರಿಗೆ ಹಚ್ಚಿ ನೋಡಿ, ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟಳು. ಮನೆಗೆ ಬಂದವನೇ ಅಡುಗೆಮನೆಯ ಅಟ್ಟಕ್ಕೆ ಎಸೆದು ಮರೆತ.

ಮನಸ್ಸಿಗೆ ಒಪ್ಪುವ ಉಳಿ ಸಿಕ್ಕಿದ್ದು ಹುಬ್ಬಳ್ಳಿಯ ಒಂದು ದೊಡ್ಡ ಅಂಗಡಿಯ ಗಾಜಿನ ಕಪಾಟಿನಲ್ಲಿ. ಕೆಂಪು ಮಖಮಲ್ಲಿನ ಪೆಟ್ಟಿಗೆ, ಒಳಗೆ ಎಂಟು ಉಳಿ. ಮುಖ ಕಾಣುವ ಹೊಳಪು, ಹಳದಿ ವಾರ್ನಿಶ್ ಹೊಡೆದ ಗೇಣುದ್ದದ ಹಿಡಿಕೆ. "ಎಂಟರ ಸೆಟ್ಟು ಸರ್. ಇದ ಕಡೇ ಪೀಸು," ಎಂದ ಅಂಗಡಿಯ ಹುಡುಗ. ಕಡೇ ಪೀಸು! ಮೂವತ್ತು ವರ್ಷದಿಂದ ದಿನಕ್ಕೆ ಹತ್ತು ಸಲ ತಾನೇ ಹೇಳಿದ ಮಾತು. ಕೇಳಿದ ಕೂಡಲೇ ಬಸಲಿಂಗಪ್ಪ ಪೆಟ್ಟಿಗೆಯ ಮೇಲೆ ಕೈ ಇಟ್ಟ, ಎಲ್ಲಿ ಮತ್ತೊಬ್ಬರು ಒಯ್ದಾರೋ ಎಂದು. ಅರಿವೆಯವನಿಗೆ ಅರಿವೆಲ್ಲ ಅರಿವೆಯದೇ.

ಪೆಟ್ಟಿಗೆಯನ್ನು ಮುತ್ತಪ್ಪನಿಗೆ ತೋರಿಸಿದ. ಮುತ್ತಪ್ಪ ಒಂದೊಂದನ್ನೂ ಉಗುರಿನ ಮೇಲೆ ಆಡಿಸಿ ತಿರುಗಿ ಇಟ್ಟ.

"ಇವಕ್ಕ ಬಾಯಿ ಇಲ್ರಿ ಸಾವಕಾರ್ರ. ಹೊಸಾ ಉಳಿ ಅಂಗಡ್ಯಾಗ ಹಿಂಗ ಮೊಂಡ ಇರತಾವ. ಸಾಣಿ ಹಿಡದ ನಾವ ಬಾಯಿ ಕೊಡಬೇಕು. ಹಿಡಕೀನೂ ಗಿಡ್ಡ ಆದ್ವು. ಬಿಟ್ಟ ಹೋಗ್ರಿ, ಸಾಣಿ ಹಿಡದ ಇಡತೇನಿ."

"ಬ್ಯಾಡ!" ಬಸಲಿಂಗಪ್ಪ ಪೆಟ್ಟಿಗೆ ಎದೆಗೊತ್ತಿಕೊಂಡ. "ಸಾಣಿ ಹಿಡದ್ರ ಗಳಿಗಿ ಮುರದಂಗಾತು. ಮೊಮ್ಮಗನ ತೊಟ್ಟಲದ ಮ್ಯಾಲೆನ ಗಳಿಗಿ ಮುರಿಯೂದು."

"ಉಳಿಗಿ ಎಲ್ಲೀ ಗಳಿಗ್ರಿ?"

"ನಿನಗ ತಿಳಿಯೂದಿಲ್ಲ ಬಿಡ."

ದಸರೆಯ ಖಂಡೆನವಮಿಗೆ, ಆಯುಧಪೂಜೆಯ ದಿನ, ಎಂಟಕ್ಕೂ ವಿಭೂತಿ ಹಚ್ಚಿ, ಚೆಂಡು ಹೂವು ಏರಿಸಿ ಪೂಜೆಯಾಯಿತು. ಅಂಗಡಿಗೆ ಬಂದ ಗಿರಾಕಿಗಳಿಗೆ ಮೊದಲು ಉಳಿ ದರ್ಶನ, ಆಮೇಲೆ ಸೀರೆ. ಯಾವ ಉಳಿ ಯಾತಕ್ಕೆ ಎಂದು ಯಾರಾದರೂ ಕೇಳಿದರೆ, "ಒಂದೊಂದಕ್ಕ ಒಂದೊಂದು" ಎಂದು ಗಂಭೀರವಾಗಿ ಹೇಳುತ್ತಿದ್ದ. ಮುತ್ತಪ್ಪನ ಬೇವಿನ ತುಂಡುಗಳು ಶೆಡ್ಡಿನಲ್ಲಿ ತುಂಡುಗಳಾಗಿಯೇ ಉಳಿದವು.

ಮಾರ್ಗಶಿರದಲ್ಲಿ, ಹೆರಿಗೆಗೆ ತವರಿಗೆ ಬಂದಿದ್ದ ಉಮಾಶ್ರೀಗೆ ಕೂಸು ಹುಟ್ಟಿತು. ಮೊಮ್ಮಗ ಅಲ್ಲ, ಮೊಮ್ಮಗಳು. ಸಕ್ಕರೆ ಹಂಚಿ, ಎರಡನೆಯ ದಿನ ಬಸಲಿಂಗಪ್ಪ ಪೆಟ್ಟಿಗೆಯನ್ನು ಬಗಲಲ್ಲಿಟ್ಟುಕೊಂಡು ಶೆಡ್ಡಿಗೆ ಬಂದ. ಮುತ್ತಪ್ಪ ಸಾಗವಾನಿಯ ಚೌಕ ತುಂಡು ಸಿಕ್ಕಿಸಿ ಮೋಟರು ಚಾಲೂ ಮಾಡಿದ. ಬಸಲಿಂಗಪ್ಪ ಕಣ್ಣು ಮುಚ್ಚಿ ಕುಲದೇವರನ್ನು ನೆನೆದು ಮೊದಲ ಉಳಿ ಹಚ್ಚಿದ. ಉಳಿ ಕಟಕಟ ಕುಣಿಯಿತು, ಜಾರಿತು. ಕಟ್ಟಿಗೆ ಬಿಸಿಯಾಗಿ ಹೊಗೆ ಬಂತು. ಕಟ್ಟಿಗೆಯಿಂದ ಉದುರಿದ್ದು ಒಂದು ಚಿಟಿಕೆ ಕರಿ ಪುಡಿ.

"ಸಾವಕಾರ್ರ," ಎಂದ ಮುತ್ತಪ್ಪ, "ಕಡೀರಿ ಅಂದ್ರ ಇಸ್ತ್ರಿ ಹಾಕಾಕತ್ತೀರಿ."

ಎಂಟೂ ಉಳಿಗಳದ್ದು ಅದೇ ಕಥೆ. ಕಡೆಗೆ ಸಾಣೆಗೆ ಒಪ್ಪಿದ. ಆದರೆ ಗಳಿಗೆ ಮುರಿಯುವುದಿದ್ದರೆ ಧಣಿಯ ಕೈಯಿಂದಲೇ ಮುರಿಯಬೇಕೆಂದು ತಾನೇ ಸಾಣೆಯ ಚಕ್ರಕ್ಕೆ ಒತ್ತಿ ಹಿಡಿದ. ಕಿಡಿ ಹಾರಿತು. ಉಕ್ಕಿನ ತುದಿಯಲ್ಲಿ ಹಳದಿ, ಆಮೇಲೆ ನೇರಳೆ, ಆಮೇಲೆ ಕಡು ನೀಲಿ ಹರಡಿತು.

"ಮುತ್ತಪ್ಪಾ, ನೋಡೋ ಇಲ್ಲೆ! ನವಿಲಗರಿ ಬಣ್ಣ!"

ಮುತ್ತಪ್ಪ ಕಣ್ಣು ಮುಚ್ಚಿದ. "ಅದು ಬಣ್ಣ ಬಂದದ್ದಲ್ರಿ, ಜೀವಾ ಹೋದದ್ದು. ಉಕ್ಕು ಸುಟ್ಟ ಮೆತ್ತಗಾತು. ನಡುನಡುವ ನೀರಾಗ ಎದ್ದಬೇಕು." ಇದನ್ನು ಅವನು ಹೇಳುವ ಹೊತ್ತಿಗೆ ಮೆಚ್ಚಿನ ಬಣ್ಣ ಎಂದು ಐದು ಉಳಿ ನೀಲಿಯಾಗಿದ್ದವು. ಉಳಿದ ಮೂರಕ್ಕೆ ಮುತ್ತಪ್ಪ ಬಾಯಿ ಕೊಟ್ಟ. ಅವು ಕಟ್ಟಿಗೆಯನ್ನೇನೋ ಕಚ್ಚಿದವು, ಆದರೆ ಗೇಣುದ್ದದ ಹಿಡಿಕೆಯಲ್ಲಿ ಅವನ್ನು ತಡೆದು ಹಿಡಿಯುವ ಬಲ ಬರಲಿಲ್ಲ. ತುಂಡು ಕಿತ್ತು ತಗಡಿನ ಮಾಡಿಗೆ ಹಾರಿತು, ಉಳಿ ಮೂಲೆಗೆ ಹಾರಿತು, ಬಸಲಿಂಗಪ್ಪ ಬಾಗಿಲಿಗೆ ಹಾರಿದ. ಏಳನೆಯ ದಿನದ ಸಂಜೆಗೆ ಲೆಕ್ಕ ಇಷ್ಟು: ಬೆರಳಿಗೆ ಎರಡು ಪಟ್ಟಿ, ಮಾಡಿಗೆ ಒಂದು ತೂತು, ಕೋಲು ಸೊನ್ನೆ.

ಮುತ್ತಪ್ಪ ಬೀಡಿ ಹಚ್ಚಿ ಬಾಜೂಕ ಕುಳಿತ. "ನಾ ಒಂದ ಹೇಳತೇನಿ, ಸಿಟ್ಟಾಗಬ್ಯಾಡ್ರಿ. ಹನ್ನೆರಡ ಕೋಲು ನನಗ ಎರಡ ದಿನದ ಕೆಲಸ. ನಾ ಕಡೀತೇನಿ, ನೀವು ಇಲ್ಲೆ ಕುಂತು ಚಾ ಕುಡೀರಿ. ಸಾವಕಾರ್ರ ಕಡದಾರ ಅಂತ ನಾನ ಹೇಳತೇನಿ. ಯಾರಿಗಿ ತಿಳೀತೈತಿ?"

ಬಸಲಿಂಗಪ್ಪ ಬೇಡ ಎನ್ನಲಿಲ್ಲ. "ವಿಚಾರ ಮಾಡಿ ಹೇಳತೇನಿ," ಎಂದು ಎದ್ದ.

ದಾರಿಯುದ್ದಕ್ಕೂ ವಿಚಾರ ಮಾಡಿದ. ಯಾರಿಗೂ ತಿಳಿಯುವುದಿಲ್ಲ, ನಿಜ. ಬೀಗರಿಗೆ ಸುಳ್ಳು ಹೇಳುವುದು ಅವನ ನಾಲಿಗೆಗೆ ಕಷ್ಟದ ಕೆಲಸವೂ ಅಲ್ಲ. ಮೂರು ಸಲ ಒಗೆದರೆ ನೆಲ ಒರೆಸುವ ಅರಿವೆಯಾಗುವ ಸೀರೆಯನ್ನು 'ಮೊಮ್ಮಕ್ಕಳ ಕಾಲಕ್ಕೂ ಬಾಳತೈತಿ' ಎಂದು ಮಾರಿದ ನಾಲಿಗೆ ಅದು. ಮಗಳ ಮನೆಯ ಹೊಸ್ತಿಲು ಉಳಿಯುತ್ತಿತ್ತು. ಆದರೆ ಆ ತೊಟ್ಟಿಲಿನಲ್ಲೂ ಮತ್ತೊಬ್ಬ ಕಡೆದು, ಮತ್ತೊಬ್ಬ ಜೋಡಿಸಿ, ನಡುವೆ ಬಸಲಿಂಗಪ್ಪ ಬರಿದೇ ಕುಳಿತ ಹಾಗಾಯಿತಲ್ಲ! ಈರಸಂಗಪ್ಪನ ಮಾತು ಸುಳ್ಳಾಗಬೇಕೆಂದು ಹೊರಟು ಅದನ್ನೇ ನಿಜ ಮಾಡಿ, ಮೇಲೆ ಬಣ್ಣ ಹೊಡೆದಂತೆ.

ಮನೆಗೆ ಬಂದರೆ ಸಿದ್ದಲಿಂಗವ್ವ ಬಾಣಂತಿಯ ಅಂಟಿನುಂಡೆಗೆ ಬೆಲ್ಲ ಕೆತ್ತುತ್ತಿದ್ದಳು. ಬೈಲಹೊಂಗಲದ ಬೆಲ್ಲದ ಪೆಂಟೆ, ಕಲ್ಲಿಗೆ ಬಡಿದರೆ ಕಲ್ಲು ಒಡೆಯುವಂಥದು. ಅವಳ ಕೈಯಲ್ಲಿ ಮಾತ್ರ ಬೆಲ್ಲ ಸುರುಳಿ ಸುರುಳಿಯಾಗಿ ಪರಾತಕ್ಕೆ ಬೀಳುತ್ತಿತ್ತು. ಕೈಯಲ್ಲಿ ಇದ್ದದ್ದು ಮೊಳದುದ್ದ ಹಿಡಿಕೆಯ ಕರಿ ಉಳಿ.

"ಇದು... ಇದೆಲ್ಲಿದು?"

"ಅಟ್ಟ ಝಾಡಿಸೂಮುಂದ ಸಿಕ್ಕಿತ್ರಿ. ನಾಕ ತಿಂಗಳಾತು ಇದರಾಗ ಬೆಲ್ಲಾ ಕೆತ್ತಾಕತ್ತ. ಕೊಬ್ಬರೀನೂ ಇದರಾಗ. ಖರೇ ಹೇಳ್ತೇನ್ರಿ, ಇಂಥಾ ಚೊಲೋ ಸಾಮಾನ ಲಗ್ನ ಆದಾಗಿಂದ ಒಂದೂ ತಂದಿದ್ದಿಲ್ಲ ನೀವು."

"ಏ, ಇದರ ಗಳಿಗಿ..."

"ಮುರದ ಹೋಗೇತಿ. ಅದೂ ಬೆಲ್ಲದ ಮ್ಯಾಲೆ. ಶುಭ ಆತು ತಗೋರಿ."

ಬಸಲಿಂಗಪ್ಪ ಅವಳ ಕೈಯಿಂದ ಉಳಿ ತೆಗೆದುಕೊಂಡ. ಬಿಸಿನೀರಿನಲ್ಲಿ ಅಂಟು ತೊಳೆದ. ಈ ಸಲ ಬಿಸಿಲಿಗೆ ಹಿಡಿಯಲಿಲ್ಲ, ಬಣ್ಣ ನೋಡಲಿಲ್ಲ. ಮುತ್ತಪ್ಪನಂತೆ ಉಗುರಿಗೆ ಹಚ್ಚಿದ. ಉಗುರಿನಿಂದ ಸಣ್ಣ ಸಿಪ್ಪೆ ಎದ್ದಿತು.

ಎಂಟನೆಯ ದಿನ ಬೆಳಗ್ಗೆ ಆ ಒಂದೇ ಉಳಿ ಹಿಡಿದು ಶೆಡ್ಡಿಗೆ ಬಂದ. ಮುತ್ತಪ್ಪ ಅದರ ಬಾಯಿಗೆ ಇನ್ನಷ್ಟು ಕಲ್ಲು ಹಿಡಿದು, ಉದ್ದ ಹಿಡಿಕೆಯನ್ನು ಬಸಲಿಂಗಪ್ಪನ ಸೊಂಟಕ್ಕೆ ಆನಿಸಿ, ಮೈಯಿಂದ ಹೇಗೆ ತಳ್ಳಬೇಕೆಂದು ತೋರಿಸಿದ. ಮೋಟರು ತಿರುಗಿತು. ಉಳಿ ಮುಟ್ಟಿತು. ಕಿರುಚುತ್ತಿದ್ದ ಶೆಡ್ಡಿನಲ್ಲಿ ಹೊಸದೊಂದು ಸದ್ದು, ಹೊಸ ಪಾಪಲೀನು ಹರಿದಂತೆ ಸರ್ರನೆ. ಸಾಗವಾನಿಯ ಉದ್ದನೆಯ ಸುರುಳಿ ಹಾರಿ ಬಂದು ಬಸಲಿಂಗಪ್ಪನ ಟೊಪ್ಪಿಗೆಯ ಮೇಲೆ ಕುಳಿತಿತು. ಅವನು ಅದನ್ನು ಸಂಜೆಯವರೆಗೂ ತೆಗೆಯಲಿಲ್ಲ.

ಮೊದಲ ಕೋಲು ಬದನೆಕಾಯಿಯಾಯಿತು. ಎರಡನೆಯದು ಒನಕೆ. ಮೂರನೆಯದು ನಡುವೆ ಮುರಿಯಿತು. ಎರಡೆರಡು ಕೋಲಿಗೆ ಒಮ್ಮೆ ಮುತ್ತಪ್ಪ ಯಂತ್ರ ನಿಲ್ಲಿಸಿ ಕಲ್ಲು ಕೈಗೆ ಕೊಡುತ್ತಿದ್ದ: "ಸಾಣಿ ಹಿಡದಾಂವನ ಶಾಣ್ಯಾ ಆಗತಾನ್ರಿ." ಐದು ದಿನದಲ್ಲಿ ಇಪ್ಪತ್ತೇಳು ಕೋಲು ಕಡೆದರೆ ಉಳಿಗೆ ಉಳಿದದ್ದು ಹನ್ನೆರಡು. ಬಿದ್ದ ಹದಿನೈದು ಬಾಣಂತಿಯ ನೀರೊಲೆಗೆ ಹೋದವು. "ಸಾಗವಾನಿ ಉರ್ಯಾಗ ಕಾಸಿದ ನೀರ ಜಳಕಾ ಮಾಡೂ ಕೂಸು ಈ ಜಿಲ್ಲಾದಾಗ ಇದೊಂದ ನೋಡ," ಎಂದು ಸಿದ್ದಲಿಂಗವ್ವ ಮೊಮ್ಮಗಳಿಗೆ ಹೇಳಿದಳು, ಗಂಡನಿಗೆ ಕೇಳಿಸುವಂತೆ.

ಹದಿಮೂರನೆಯ ದಿನ ರಾಮದುರ್ಗದಿಂದ ಬೀಗರು ಬಂದರು. ಕೆಂಪು, ಹಳದಿ, ಹಸಿರು ಅರಗಿನ ಬಣ್ಣದಲ್ಲಿ ತೊಟ್ಟಿಲು ತೊಲೆಗೆ ತೂಗುತ್ತಿತ್ತು. ಈರಸಂಗಪ್ಪ ಕಾಲು ತೊಳೆದವನೇ ಕನ್ನಡಕ ಏರಿಸಿ ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಜೋಳದ ಚೀಲಕ್ಕೆ ಕೈ ಹಾಕಿ ಕಾಳು ನೋಡುವವನ ಕಣ್ಣು. ಒಂದೊಂದೇ ಕೋಲು ಬೆರಳಿನಿಂದ ತಟ್ಟುತ್ತ ಹೋದ. ಒಂದಕ್ಕೆ ಹೊಟ್ಟೆ ಮೇಲಿತ್ತು, ಇನ್ನೊಂದಕ್ಕೆ ಕೆಳಗೆ. ಒಂದು ತೆಳ್ಳಗೆ ಶಾಲೆ ಮಾಸ್ತರರಂತೆ, ಪಕ್ಕದ್ದು ಗೌಡರಂತೆ. ಮೈಯೆಲ್ಲ ಉಳಿಯ ಗೆರೆ.

"ಬೀಗರ, ಒಂದರಂಗ ಒಂದ ಇಲ್ಲೆಲ್ರಿ?"

'ಇದ ಹೊಸಾ ಡಿಜೈನ್ ಐತ್ರಿ' ಎಂಬ ಮಾತು ಬಸಲಿಂಗಪ್ಪನ ನಾಲಿಗೆಯ ತುದಿಗೆ ಓಡಿ ಬಂತು. ಮೂವತ್ತು ವರ್ಷದ ರೂಢಿ. ಅದನ್ನು ನುಂಗಿದ.

"ಹೌದ್ರಿ. ಹನ್ನೆರಡೂ ನಾನ ಕಡದದ್ದು."

ಈರಸಂಗಪ್ಪ ಕನ್ನಡಕ ತೆಗೆದು ಅವನನ್ನೂ, ಅವನ ಕೈಯ ಪಟ್ಟಿಗಳನ್ನೂ ನೋಡಿದ.

"ಅದಕ್ಕೇನ ಸಾಕ್ಷಿ ಬೇಕಾಗಿಲ್ಲ ಬಿಡ್ರಿ. ರೊಕ್ಕಾ ಕೊಟ್ಟಾವರು ಇಂಥಾವು ತಗೊಂಡ ಬರತಿದ್ದಿಲ್ಲ."

ಮತ್ತೆ ಪಡಸಾಲೆ ನಕ್ಕಿತು. ಬಸಲಿಂಗಪ್ಪನೂ ನಕ್ಕ. ಈ ಸಲ ಕೈ ನೋಡಿಕೊಳ್ಳಲಿಲ್ಲ.

ಕೂಸಿಗಿಂತ ಮೊದಲು ರುಬ್ಬುವ ಗುಂಡುಕಲ್ಲಿಗೆ ಅಂಗಿ ತೊಡಿಸಿ ತೊಟ್ಟಿಲಿನಲ್ಲಿ ಮಲಗಿಸುವುದು ಪದ್ಧತಿ. ಸಿದ್ದಲಿಂಗವ್ವ ಗುಂಡುಕಲ್ಲು ಇಟ್ಟಳು. ಎಡಗಡೆಯ ನಾಲ್ಕನೆಯ ಕೋಲು, ಆ ಗೌಡರಂಥದು, ಕಿರ್ರ್ ಎಂದಿತು. ಬಸಲಿಂಗಪ್ಪ ತೊಟ್ಟಿಲಿನ ಕೆಳಗೆ ಎರಡೂ ಕೈ ಒಡ್ಡಿದ. ಶೆಡ್ಡಿನಲ್ಲಿ ಕೂಡ ಅವನು ಇಷ್ಟು ಹೆದರಿರಲಿಲ್ಲ. ತೊಟ್ಟಿಲು ಒಂದು ಸಲ ತೂಗಿತು, ಎರಡು ಸಲ ತೂಗಿತು. ಕೋಲು ಮಿಸುಕಲಿಲ್ಲ. ಕಲ್ಲು ತೆಗೆದು ಕೂಸನ್ನು ಹಾಕಿದರು. ಅದು ಆಕಳಿಸಿತು.

"ಸಂಕ್ರಮಣಕ್ಕ ನಮ್ಮಲ್ಲೆ ಬರ್ರಿ ಬೀಗರ," ಎಂದ ಈರಸಂಗಪ್ಪ ಹೊರಡುವಾಗ. "ಹೊಸ್ತಲಾ ಹಂಗ ಐತಿ. ಬರೂಮುಂದ ಒಂದ ಲಟ್ಟಣಿಗಿ ಕಡಕೊಂಡ ಬರ್ರಿ. ನಮ್ಮಾಕಿ ಕೇಳಾಕತ್ತಾಳ. ಆದ್ರ ಅದು ನುಣ್ಣಗಿರಲಿ ಮತ್ತ, ಹೋಳಗಿಗಿ ಗೆರಿ ಬಿದ್ದಾವು."

ನುಣ್ಣಗೆ ಎಂದರೆ ಓರೆಬಾಯಿಯ ಉಳಿ ಬೇಕು. ಹುಬ್ಬಳ್ಳಿಯ ಪೆಟ್ಟಿಗೆಯನ್ನು ತಿರುಗಿ ಕೊಡಲು ಹೋದರೆ ಆ ಅಂಗಡಿಯಲ್ಲೂ ಒಂದು ಬೋರ್ಡು ತೂಗುತ್ತಿತ್ತು. ಬಸಲಿಂಗಪ್ಪ ಅದನ್ನು ಪೂರ್ತಿ ಓದದೆ ತಿರುಗಿ ಬಂದ. ಮರುದಿನ ಬೆಳಗಿನ ಬಸ್ಸಿಗೆ ಕಿತ್ತೂರಿನ ಕುಲುಮೆಯ ಮುಂದೆ ಇಳಿದ.

ಮಾಯವ್ವ ದೂರದಿಂದಲೇ ನೋಡಿ ಸುತ್ತಿಗೆ ಕೆಳಗಿಟ್ಟಳು. ಒಳಗೆ ಹೋಗಿ ಗೋಣಿ ತಟ್ಟು ತಂದು ಹಾಸಿದಳು. ಅದರ ಮೇಲೆ ಓರೆಬಾಯಿಯ ಉಳಿಗಳನ್ನು ಒಂದೊಂದಾಗಿ ಸಾಲಾಗಿ ಇಟ್ಟಳು, ಹನ್ನೊಂದು.

"ಕುಂದರ್ರಿ ಸಾವಕಾರ್ರ. ಯಾ ಬಣ್ಣದ್ದು ತೋರಸ್ಲಿ?"

ಬಸಲಿಂಗಪ್ಪ ಕೂರಲಿಲ್ಲ. ಕೈಗೆ ಸಿಕ್ಕಿದ ಒಂದನ್ನು ಎತ್ತಿ ಅವಳ ಮುಂದೆ ನೆಲಕ್ಕಿಟ್ಟ.

"ಬಣ್ಣ ಹ್ಯಾಂಗಿದ್ರೂ ನಡೀತೈತಿ ಬೇ. ಕಲ್ಲಿಗಿ ಹಿಡದು, ಗಳಿಗಿ ಇಲ್ಲೆ ಮುರದ ಕೊಡ."